ನೆಲಮಾಳಿಗೆಯ ಅನಿಲದ ತಿರುಪನ್ನು ಅರ್ಜಿದಾರಳಿಗೆ ವಹಿಸಿಕೊಡುವ ಬಗ್ಗೆ

ಇಂದ,
ಶ್ರೀಮತಿ ಬೊಹ್ದಾನಾ ಹ್ರುಷ್ಕೋವಾ, ವಯಸ್ಸು ಐವತ್ತೇಳು,
ಈಗ ಮುಚ್ಚಿಹೋಗಿರುವ ಚಿಲುಮೆ ನೀರಿನ ಕಾರ್ಖಾನೆಯ ಮಾಜಿ ನೌಕರಳು,
ಅಡುಗೆಮನೆ, ಮನೆ ಸಂಖ್ಯೆ ೪೧,
ಹೋರ್ನಿ ಲೋಮ್ನಿಚ್ಕಾ, ಪಶ್ಚಿಮ ಬೊಹೀಮಿಯಾ.

ಗೆ,
ಶ್ರೀ ವೆಂದೆಲೀನ್ ಹ್ರುಷ್ಕಾ ಅವರು,
ನಿವೃತ್ತ ಸ್ಟೇಷನ್ ಮಾಸ್ತರರು,
ಹಾಲಿ ನೆಲಮಾಳಿಗೆಯ ಮುಖ್ಯಾಧಿಕಾರಿಗಳು ಹಾಗೂ ಅರ್ಜಿದಾರಳ ಗಂಡ,
ಅದೇ ಮನೆ, ಹದಿನಾಲ್ಕು ಮೆಟ್ಟಿಲು ಕೆಳಗೆ.

ವಿಷಯ: ಹತ್ತೊಂಬತ್ತು ಲೀಟರ್ ಲಾಗರ್ ಬಿಯರ್ ತುಂಬಿರುವ ಪೀಪಾಯಿಗೆ ಅನಿಲ ಬಿಡುವ ತಿರುಪನ್ನು ಭಾನುವಾರದವರೆಗೆ, ಸಾಧ್ಯವಾದರೆ ಆಮೇಲೂ, ಅರ್ಜಿದಾರಳ ಕೈಗೆ ಒಪ್ಪಿಸುವ ಬಗ್ಗೆ.

ಉಲ್ಲೇಖ:
(ಅ) ಇಂದು ಶುಕ್ರವಾರ ಬೆಳಗಿನ ತಿಂಡಿಯ ಹೊತ್ತಿನಲ್ಲಿ ತಾವು ಬ್ರೆಡ್ಡಿಗೆ ಬೆಣ್ಣೆ ಸವರುತ್ತ ಹೊರಡಿಸಿದ ಮೌಖಿಕ ಆದೇಶ: "ಏನಿದ್ರೂ ಬರೆದು ಕೊಡು, ನೋಡೋಣ."
(ಆ) ನೆಲಮಾಳಿಗೆಯ ಫ್ರಿಜ್ಜಿನ ಬಾಗಿಲಿಗೆ ತಾವು ಅಂಟಿಸಿರುವ ಸೂಚನೆ: "ಮುಟ್ಟಬಾರದು. ವೆಂ. ಹ್ರು."
(ಇ) ಸ್ನಾನದ ಮನೆಯ ಚಿಲಕದ ದುರಸ್ತಿ ಕೋರಿ ಅರ್ಜಿದಾರಳು ಸಲ್ಲಿಸಿದ್ದ ಹಿಂದಿನ ಅರ್ಜಿ. ನಾಲ್ಕು ವರ್ಷಗಳಿಂದ ತಮ್ಮ ಪರಿಶೀಲನೆಯಲ್ಲಿದೆ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರ್ಜಿದಾರಳು ತಮ್ಮ ಗಮನಕ್ಕೆ ತರಬಯಸುವುದೇನೆಂದರೆ:

೧. ತಾವು ಮೂವತ್ತೊಂಬತ್ತು ವರ್ಷ ರೈಲ್ವೆಯಲ್ಲಿ ಸೇವೆ ಸಲ್ಲಿಸಿ ನಿವೃತ್ತರಾದ ದಿನ ಮನೆಗೆ ಒಂದು ಹೂಗುಚ್ಛ, ಒಂದು ಗೋಡೆ ಗಡಿಯಾರ ಮತ್ತು ಒಂದು ದಿನಾಂಕದ ಮೊಹರು ತಂದಿರಿ. ಹೂ ಬಾಡಿತು, ಗಡಿಯಾರ ನಿಂತಿತು, ಮೊಹರು ಮಾತ್ರ ಇಂದಿಗೂ ಚಾಲ್ತಿಯಲ್ಲಿದೆ. ಅಡುಗೆಮನೆಯ ಕಿಟಕಿಯ ಬಳಿ ತಾವು ಇಟ್ಟಿರುವ ಎರಡು ತಟ್ಟೆಗಳ ಪೈಕಿ 'ಒಳಬಂದದ್ದು' ಎಂಬುದರಲ್ಲಿ ಅರ್ಜಿದಾರಳ ಕಾಗದಗಳಿವೆ. 'ಹೊರಹೋದದ್ದು' ಎಂಬುದರಲ್ಲಿ ಬೆಕ್ಕು ಮಲಗುತ್ತದೆ. ಈ ಮನೆಯ ಕಾರ್ಯವಿಧಾನ ಹೀಗಿರುವ ಕಾರಣ, ಎದುರಿಗೆ ಕೂತು ಎರಡು ಮಾತಿನಲ್ಲಿ ಮುಗಿಸಬಹುದಾದ ಸಂಗತಿಯನ್ನು ಅರ್ಜಿದಾರಳು ಹೀಗೆ ಪುಟಗಟ್ಟಲೆ ಬರೆಯಬೇಕಾಗಿ ಬಂದಿದೆ. ಇದಕ್ಕಾಗಿ ವಿಷಾದವಿಲ್ಲ.

೨. ಸದರಿ ಬಿಯರಿನ ಬಗ್ಗೆ ಅರ್ಜಿದಾರಳ ತಕರಾರೇನೂ ಇಲ್ಲ. ಆಗಸ್ಟ್ ತಿಂಗಳಿನಲ್ಲಿ ತಾವು ಅಡುಗೆಮನೆಯನ್ನು ಒಂದು ಇಡೀ ದಿನ ವಶಪಡಿಸಿಕೊಂಡು ಮೊಳಕೆ ಬರಿಸಿದ ಬಾರ್ಲಿಯ ಗಂಜಿ ಕಾಯಿಸಿದಿರಿ. ಆಮೇಲೆ ಅದು ತಣ್ಣಗೆ ಹುಳಿಯಲೆಂದು, ಹುಳಿದ ಮೇಲೆ ಆರು ವಾರ ತಣ್ಣಗೆ ಮಲಗಲೆಂದು, ಅರ್ಜಿದಾರಳ ಪ್ಲಮ್ ಜಾಮಿನ ಇಪ್ಪತ್ತಾರು ಸೀಸೆಗಳನ್ನು ಕೆಳಗಿನ ಫ್ರಿಜ್ಜಿನಿಂದ ಬಟ್ಟೆಯ ಬೀರುವಿಗೆ ವರ್ಗಾಯಿಸಿದಿರಿ. ಅಂದಿನಿಂದ ಅರ್ಜಿದಾರಳು ಜಾಮ್ ಬೇಕಾದರೆ ತಮ್ಮ ಚಳಿಗಾಲದ ಕೋಟಿನ ಹಿಂದೆ ಕೈ ಹಾಕುತ್ತಿದ್ದಾಳೆ. ಇಷ್ಟಾದರೂ ಬಿಯರ್ ಚೆನ್ನಾಗಿಯೇ ಆಯಿತು. ಹೊಂಬಣ್ಣ, ತಿಳಿ, ನಾಲಗೆಯ ತುದಿಗೆ ಹಿತವಾದ ಕಹಿ. ಅದನ್ನು ಪೀಪಾಯಿಗೆ ಇಳಿಸುವ ದಿನ ಕೊಳವೆಯನ್ನು ಹಿಡಿದುಕೊಂಡಿದ್ದವಳು ಅರ್ಜಿದಾರಳೇ. ಅವಳಿಗೆ ಗೊತ್ತು.

೩. ಸಮಸ್ಯೆ ಉದ್ಭವಿಸಿದ್ದು ಅನಿಲದ ಘಟ್ಟದಲ್ಲಿ. ಸಪ್ಪೆ ಬಿಯರಿಗೆ ಅನಿಲ ಹಿಡಿಸಬೇಕಾದರೆ ಪೀಪಾಯಿಯನ್ನು ಹೆಪ್ಪುಗಟ್ಟದಷ್ಟು ತಣ್ಣಗಿಟ್ಟು, ಸಿಲಿಂಡರಿನ ಒತ್ತಡಮಾಪಕದ ಮುಳ್ಳನ್ನು ಒಂದಕ್ಕಿಂತ ತುಸು ಕೆಳಗೆ ನಿಲ್ಲಿಸಿ, ಹತ್ತು ದಿನ ಅದರ ತಂಟೆಗೆ ಹೋಗಬಾರದು. ತಾವು ಸಿಲಿಂಡರ್ ತುಂಬಿಸಿಕೊಂಡು ಬರುವುದನ್ನು ಮರೆತು, ತಮ್ಮ ಹೆಸರುಹಬ್ಬಕ್ಕೆ, ಅಂದರೆ ಕ್ಯಾಲೆಂಡರಿನಲ್ಲಿ ತಮ್ಮ ಹೆಸರಿನ ಸಂತನ ದಿನಕ್ಕೆ, ಎರಡೇ ದಿನ ಉಳಿದಿರುವಾಗ ತಂದಿರಿ. ಕಾರಣ, ಮುಳ್ಳನ್ನು ಮೂರಕ್ಕೆ ಏರಿಸಿದಿರಿ. ಸಾಲದೆಂದು ಪೀಪಾಯಿಯನ್ನು ತೊಡೆಯ ಮೇಲೆ ಅಡ್ಡ ಮಲಗಿಸಿಕೊಂಡು, ರೇಡಿಯೋದಲ್ಲಿ ಫುಟ್‌ಬಾಲ್ ಕೇಳುತ್ತ, ಒಂದು ಗಂಟೆ ಕಾಲ ತೂಗಿದಿರಿ. ನಮ್ಮ ಮಗಳು ಕೂಸಾಗಿದ್ದಾಗ ಅವಳನ್ನು ತಾವು ಅಷ್ಟು ಹೊತ್ತು ತೂಗಿದ ದಾಖಲೆ ಅರ್ಜಿದಾರಳ ಬಳಿ ಇಲ್ಲ.

ಆ ಸಂದರ್ಭದಲ್ಲಿ ನಡೆದ ಸಂಭಾಷಣೆಯನ್ನು ಇದ್ದದ್ದು ಇದ್ದಂತೆ ಇಲ್ಲಿ ಕಾಣಿಸಿದೆ.

"ವೆಂದಾ, ಮೂರು ಜಾಸ್ತಿ ಆಯ್ತು. ತಣ್ಣಗಿದೆ ಅದು, ಕೊಟ್ಟಷ್ಟೂ ಕುಡಿದುಬಿಡುತ್ತೆ."

"ಕುಡೀಲಿ ಬಿಡು. ಅದಕ್ಕೇ ತಾನೆ ಕೊಡ್ತಿರೋದು?"

"ಆಮೇಲೆ ನಲ್ಲಿ ತೆಗೆದ್ರೆ ಬರೀ ನೊರೆ ಬರುತ್ತೆ ನೋಡು. ಆ ಪೈಪೂ ಗಿಡ್ಡ."

"ಅಲ್ಲ ಕಣೇ ದಾನ್ಕಾ, ಇದು ನಿಂಬೆ ಶರಬತ್ತಲ್ಲ, ಬಿಯರು. ನೀನು ಆ ನೀರಿನ ಕಾರ್ಖಾನೇಲಿ ಬಾಟ್ಲಿಗೆ ಲೇಬಲ್ ಅಂಟಿಸ್ತಿದ್ದೆ ಅಂತ ಇದೂ ಗೊತ್ತಿರುತ್ತಾ?"

ಅರ್ಜಿದಾರಳು ಮೆಟ್ಟಿಲು ಹತ್ತಿ ಹೋಗಿ ಎಲೆಕೋಸು ಹೆಚ್ಚಿದಳು. ಅಂದಿನ ಎಲೆಕೋಸು ಬಹಳ ಸಣ್ಣಗಿತ್ತೆಂದು ಊಟದ ಹೊತ್ತಿನಲ್ಲಿ ತಾವೇ ಮೆಚ್ಚಿಕೊಂಡಿರಿ.

೪. ಹೆಸರುಹಬ್ಬದ ದಿನದ ಘಟನೆ. ಅಂದು ತಮ್ಮ ಅಕ್ಕ ಲುಡ್ಮಿಲಾ ಬಂದರು. ಸ್ಟೇಷನ್ ಎದುರಿನ ಬಿಯರ್ ಅಂಗಡಿಯಲ್ಲಿ ನಲವತ್ತು ವರ್ಷ ಲೋಟ ತುಂಬಿಸಿ ಈಗ ಮನೆಯಲ್ಲಿರುವ ಪ್ರೊಕೋಪ್ ಅವರೂ ಬಂದರು. ಪ್ರೊಕೋಪ್ ಅವರನ್ನು ಕರೆಯಲು ತಾವು ಮೂರು ವರ್ಷ ಧೈರ್ಯ ಮಾಡಿರಲಿಲ್ಲ. ಅವರು ಬಾಗಿಲಲ್ಲಿ ಬೂಟು ಕಳಚಿ ಮನೆಯ ಚಪ್ಪಲಿ ಮೆಟ್ಟಿಕೊಳ್ಳುವಾಗ ತಾವು ಎರಡು ಬಾರಿ ಕೈ ಒರೆಸಿಕೊಂಡದ್ದನ್ನು ಅರ್ಜಿದಾರಳು ನೋಡಿದಳು. ಆಗ ಅವಳಿಗೆ ತಮ್ಮ ಮೇಲೆ ಸಿಟ್ಟಿರಲಿಲ್ಲ ಎಂಬುದನ್ನೂ ದಾಖಲಿಸತಕ್ಕದ್ದು.

ಎಲ್ಲರೂ ಕೆಳಗೆ ಇಳಿದು ಫ್ರಿಜ್ಜಿನ ಮುಂದೆ ನಿಂತೆವು. ತಾವು ನಲ್ಲಿ ಎಳೆದಿರಿ. ಪುಸ್ಸೆಂದು ಸದ್ದಾಯಿತು. ಲೋಟದ ತಳದಿಂದ ಅಂಚಿನವರೆಗೆ ನೊರೆ. ಎರಡನೆಯ ಲೋಟವೂ ನೊರೆ. ಮೂರನೆಯದು ಲೋಟ ದಾಟಿ ತಮ್ಮ ತೋಳಿನೊಳಗೆ ಇಳಿಯಿತು.

"ಏನೋ ವೆಂದಾ, ಬಿಯರ್ ಮಾಡಿದೀಯೋ ಮುಖ ಕ್ಷೌರಕ್ಕೆ ಸೋಪು ಕಲಸಿದೀಯೋ?" ಎಂದು ಲುಡ್ಮಿಲಾ ಕೇಳಿದರು.

ತಮ್ಮ ಕಿವಿ ಎರಡೂ ಕೆಂಪಾದವು. ಪ್ರೊಕೋಪ್ ತಮ್ಮ ಚಪ್ಪಲಿಗೆ ಸಿಡಿದ ನೊರೆಯನ್ನು ಒರೆಸಿಕೊಂಡರು. ಅದನ್ನು ಕಂಡು ತಾವು ನಾಲ್ಕನೆಯ ಲೋಟಕ್ಕೆ ಕೈ ಹಾಕಿದಿರಿ. ಈ ಹಂತದಲ್ಲಿ ಅರ್ಜಿದಾರಳು ಯಾರ ಅನುಮತಿಯನ್ನೂ ಪಡೆಯದೆ ಮಧ್ಯೆ ಪ್ರವೇಶಿಸಿದಳು.

"ಪ್ರೊಕೋಪ್ ಅವರೇ, ನಮ್ಮನೇಲಿ ಹೆಸರುಹಬ್ಬಕ್ಕೆ ಹಾಲಿಂದ್ಲೇ ಶುರು. ತಗೊಳ್ಳಿ, ಇಳಿಯೋದ್ರೊಳಗೆ ಕುಡೀಬೇಕು."

ನಮ್ಮ ಕಡೆ ಹಾಲು ಎಂದರೆ ಏನೆಂದು ಪ್ರೊಕೋಪ್ ಅವರಿಗೆ ಹೇಳಿಕೊಡಬೇಕಾದ್ದಿಲ್ಲ. ನಲ್ಲಿಯನ್ನು ಹದವಾಗಿ ಹಿಡಿದು ಲೋಟದ ತುಂಬ ಸಿಹಿಯಾದ ಒದ್ದೆ ನೊರೆಯನ್ನೇ ಬಿಟ್ಟು, ಅದು ಕುಸಿಯುವ ಮುಂಚೆ ಒಂದೇ ಉಸಿರಿಗೆ ಕುಡಿಯುವುದು. ಸಂಜೆಯ ಕುಡಿತ ಮುಗಿಸಿ ಏಳುವವರು ಕೊನೆಯಲ್ಲಿ ಕೇಳುವಂಥದ್ದು. ನಮ್ಮ ಪೀಪಾಯಿಯಿಂದ ಬಂದದ್ದು ಅಂಥ ನೊರೆಯಲ್ಲ, ಸಾಬೂನಿನ ಹಾಗೆ ಒಣಗಿದ, ದೊಡ್ಡ ದೊಡ್ಡ ಗುಳ್ಳೆಯ ನೊರೆ. ಪ್ರೊಕೋಪ್ ಲೋಟವನ್ನು ನೋಡಿದರು, ಸಿಲಿಂಡರಿನ ಮುಳ್ಳನ್ನು ನೋಡಿದರು, ಅರ್ಜಿದಾರಳ ಮುಖವನ್ನು ನೋಡಿದರು. ಆಮೇಲೆ ತಲೆ ಹಿಂದಕ್ಕೆ ಬಾಗಿಸಿ ಕುಡಿದರು. ಮೀಸೆ ಬೆಳ್ಳಗಾಯಿತು.

"ನಲವತ್ತು ವರ್ಷದಲ್ಲಿ ಕೊನೇಲಿ ಹಾಲು ಕೇಳಿದೋರನ್ನ ಕಂಡಿದೀನಿ," ಎಂದರು. "ಮೊದ್ಲೇ ಕುಡಿಸಿದೋರನ್ನ ಇವತ್ತೇ ಕಂಡಿದ್ದು. ಊಟದಲ್ಲೂ ಹಿಂಗೇನಾ, ಮೊದ್ಲು ಕಾಫಿ, ಆಮೇಲೆ ಬಾತುಕೋಳಿ?"

ಎಲ್ಲರೂ ನಕ್ಕರು. ತಾವೂ ನಕ್ಕಿರಿ, ಹೋದ ಜೀವ ಬಂದವರ ಹಾಗೆ. ಆಮೇಲೆ ಅವರು ಮೀಸೆ ಒರೆಸಿಕೊಳ್ಳುತ್ತ, "ಗ್ಯಾಸ್ ನೋಡ್ಕೊಳ್ಳೋರು ಯಾರು ಇಲ್ಲಿ?" ಎಂದು ಕೇಳಿದರು.

"ನಾನೇ," ಎಂದಿರಿ ತಾವು. "ಇನ್ಯಾರು?"

೫. ಅಂದು ಪ್ರೊಕೋಪ್ ಅವರು ಹೊರಡುವಾಗ ತಾವು ಕೆಳಗೆ ನೆಲ ಒರೆಸುತ್ತಿದ್ದ ಕಾರಣ ಈ ಕೆಳಗಿನ ಅಂಶ ತಮ್ಮ ಗಮನಕ್ಕೆ ಬಂದಿರುವುದಿಲ್ಲ. ಅವರು ಕೋಟಿನ ಒಂದು ತೋಳನ್ನು ಹಾಕಿಕೊಂಡು, ಇನ್ನೊಂದು ತೋಳು ನೇತಾಡುತ್ತಿರುವಾಗ, "ಹ್ರುಷ್ಕೋವಾ ಅವರೇ, ನೀವು ಆ ನೀರಿನ ಕಾರ್ಖಾನೇಲಿ ಇದ್ರಲ್ವಾ? ಅಲ್ಲೇನು ಕೆಲ್ಸ ನಿಮ್ದು?" ಎಂದು ಕೇಳಿದರು.

ಅರ್ಜಿದಾರಳಿಗೆ ಆ ಪ್ರಶ್ನೆ ಕೇಳಿಸಿಕೊಂಡು ಅಭ್ಯಾಸವಿರಲಿಲ್ಲ.

"ಅನಿಲ ಬೆರೆಸೋ ಯಂತ್ರದ ಮೇಲಿದ್ದೆ. ಇಪ್ಪತ್ತೆರಡು ವರ್ಷ," ಎಂದಳು. "ಕೊನೇ ಹದಿನಾರು ವರ್ಷ ಇಡೀ ಪಾಳಿಯ ಉಸ್ತುವಾರಿ ನನ್ನದೇ."

"ಹಂಗನ್ನಿ ಮತ್ತೆ!" ಎಂದರು ಪ್ರೊಕೋಪ್. "ಇಷ್ಟು ಹೊತ್ತು ಯಾಕ್ರೀ ಸುಮ್ನಿದ್ರಿ?"

ಆಮೇಲೆ ಅವರು ಆ ಇನ್ನೊಂದು ತೋಳನ್ನು ಹಾಕಿಕೊಳ್ಳಲು ಮರೆತು ಕಾಲು ಗಂಟೆ ನಿಂತಿದ್ದರು. ಅರ್ಜಿದಾರಳು ಹೇಳುತ್ತ ಹೋದಳು. ನೀರು ತಣ್ಣಗಿದ್ದಷ್ಟೂ ಅನಿಲವನ್ನು ಹೇಗೆ ಹಿಡಿದಿಟ್ಟುಕೊಳ್ಳುತ್ತದೆ, ಬೆಚ್ಚಗಾದರೆ ಹೇಗೆ ಸಿಡಿಯುತ್ತದೆ, ಮುಳ್ಳು ನೋಡದೆಯೇ ಕೊಳವೆಯ ಮೇಲೆ ಅಂಗೈ ಇಟ್ಟು ಒಳಗಿನ ಒತ್ತಡ ಹೇಗೆ ತಿಳಿಯುತ್ತಿತ್ತು, ಎಲ್ಲವನ್ನೂ. ತನ್ನ ದನಿ ತನಗೇ ಹೊಸದಾಗಿ ಕೇಳಿಸುತ್ತಿತ್ತು.

೬. ಮೇಲಿನ ಅಂಶಕ್ಕೆ ಪೂರಕವಾಗಿ ಒಂದು ಹಳೆಯ ಕಡತವನ್ನು ತೆರೆಯಬೇಕಾಗಿದೆ. ಇಪ್ಪತ್ತೈದು ವರ್ಷಗಳ ಹಿಂದೆ, ಒಂದು ಜುಲೈ ತಿಂಗಳು, ಕಾರ್ಖಾನೆಯ ತಂಪು ಮಾಡುವ ಯಂತ್ರ ಕೆಟ್ಟು ನೀರು ಬೆಚ್ಚಗೆ ಬರತೊಡಗಿತು. ಬೆಚ್ಚನೆಯ ನೀರಿಗೆ ಅನಿಲ ಹತ್ತುವುದಿಲ್ಲವೆಂದು ಮೇಲ್ವಿಚಾರಕ ಒತ್ತಡ ಏರಿಸಿದ. ಬಾಟಲಿಗಳು ಸಾಲಿನಲ್ಲಿ ಒಂದೊಂದಾಗಿ ಒಡೆಯತೊಡಗಿದವು. ಅಲ್ಲಿ ನಾಲ್ಕು ಮಂದಿ ಹೆಂಗಸರು ನಿಂತಿದ್ದರು. ಮೇಲ್ವಿಚಾರಕ "ಮುಟ್ಟಬೇಡ" ಎಂದು ಕೂಗುತ್ತಿರುವಾಗಲೇ ಅರ್ಜಿದಾರಳು ಓಡಿಹೋಗಿ ದೊಡ್ಡ ತಿರುಪನ್ನು ಎರಡೂ ಕೈಯಲ್ಲಿ ತಿರುವಿ ಮುಚ್ಚಿದಳು. ಸಾಲು ನಿಂತಿತು. ಯಾರ ಕಣ್ಣಿಗೂ ಏನೂ ಆಗಲಿಲ್ಲ. ಮರುದಿನ ಆ ಮೇಲ್ವಿಚಾರಕನೇ ರಾಸ್ಪ್‌ಬೆರಿ ಶರಬತ್ತಿನ ಒಂದು ಕ್ರೇಟು ತಂದು ಅವಳ ಕಾಲ ಬಳಿ ಇಟ್ಟು ಹೋದ.

ಘಟನೆ ನಡೆದ ದಿನ ಅರ್ಜಿದಾರಳು ಮನೆಗೆ ಬಂದು, "ವೆಂದಾ, ಇವತ್ತು ನಮ್ಮಲ್ಲಿ ಏನಾಯ್ತು ಗೊತ್ತಾ?" ಎಂದಳು.

"ತಡಿ, ಮೊದ್ಲು ನಂದು ಕೇಳು," ಎಂದಿರಿ ತಾವು. ಕಲ್ಲಿದ್ದಲಿನ ಗೂಡ್ಸ್ ರೈಲೊಂದು ತಪ್ಪು ಹಳಿಯಲ್ಲಿ ನಲವತ್ತು ನಿಮಿಷ ನಿಂತುಬಿಟ್ಟಿತ್ತಂತೆ. ಅದರ ಕಥೆ ಹಿಟ್ಟಿನ ಕಡುಬು ಮುಗಿಯುವವರೆಗೂ ನಡೆಯಿತು. ಅರ್ಜಿದಾರಳಿಗೆ ಆ ರೈಲಿನ ಚಾಲಕನ ಹೆಸರು ಇಂದಿಗೂ ನೆನಪಿದೆ. ಮರುದಿನ ಕ್ರೇಟು ನೋಡಿ ತಾವು, "ಯಾರು ಕೊಟ್ರು?" ಎಂದಿರಿ. "ಕಾರ್ಖಾನೆಯವ್ರು," ಎಂದಳು. "ಒಳ್ಳೇ ಜನ," ಎಂದು ಒಂದು ಬಾಟಲಿ ತೆಗೆದಿರಿ.

ದೂರು ಕೊಡುವ ಉದ್ದೇಶದಿಂದ ಇದನ್ನು ಬರೆದಿಲ್ಲ. ಕಾಲಮಿತಿ ಮೀರಿದೆ ಎಂಬುದು ಅರ್ಜಿದಾರಳಿಗೂ ಗೊತ್ತಿದೆ.

೭. ಹೆಸರುಹಬ್ಬದ ಮಾರನೆಯ ಎರಡು ದಿನ ತಾವು ಬುಟ್ಟಿ ಹಿಡಿದು ಅಣಬೆ ಆರಿಸಲು ಕಾಡಿಗೆ ಹೋದಿರಿ. ಸದರಿ ಅವಧಿಯಲ್ಲಿ ಅರ್ಜಿದಾರಳು ಉಲ್ಲೇಖ (ಆ)ರ ಸೂಚನೆಯನ್ನು ಉಲ್ಲಂಘಿಸಿ ಫ್ರಿಜ್ಜಿನ ಬಾಗಿಲು ತೆರೆದಳು ಎಂದು ಈ ಮೂಲಕ ಒಪ್ಪಿಕೊಳ್ಳುತ್ತಾಳೆ. ಅನಿಲದ ತಿರುಪು ಮುಚ್ಚಿದಳು. ಪೀಪಾಯಿಯ ಮುಚ್ಚಳದ ಉಂಗುರ ಎಳೆದು ಒಳಗಿನ ಒತ್ತಡವನ್ನು ಹೊರಬಿಟ್ಟಳು. ಗಂಟೆಗೊಮ್ಮೆ ಇಳಿದು ಬಂದು ಅದನ್ನೇ ಮಾಡಿದಳು. ಬಿಯರ್ ನಿಟ್ಟುಸಿರು ಬಿಟ್ಟ ಹಾಗೆ ಸದ್ದಾಗುತ್ತಿತ್ತು, ಪ್ರತಿ ಸಲವೂ ಹಿಂದಿನ ಸಲಕ್ಕಿಂತ ಚಿಕ್ಕದಾಗಿ. ಎರಡನೆಯ ದಿನ ಒಂದು ಮೀಟರಿನ ಗಿಡ್ಡ ಪೈಪನ್ನು ತೆಗೆದು ಮೂರು ಮೀಟರಿನದನ್ನು ಸುರುಳಿ ಸುತ್ತಿ ಒಳಗಿಟ್ಟಳು, ಏಕೆಂದರೆ ಉದ್ದದ ಪೈಪಿನಲ್ಲಿ ಹರಿದು ಬರುವ ಬಿಯರು ಸುಸ್ತಾಗಿ ನಿಧಾನವಾಗಿ ಲೋಟಕ್ಕೆ ಇಳಿಯುತ್ತದೆ. ಕೊನೆಯಲ್ಲಿ ಮುಳ್ಳನ್ನು ಒಂದಕ್ಕಿಂತ ತುಸು ಕೆಳಗೆ ನಿಲ್ಲಿಸಿ ಬಾಗಿಲು ಹಾಕಿದಳು.

ಮೊನ್ನೆ ಬುಧವಾರ ತಾವು ಅಳುಕುತ್ತಲೇ ಒಂದು ಲೋಟ ಹಿಡಿದಿರಿ. ಹೊಂಬಣ್ಣದ ಬಿಯರು, ಮೇಲೆ ಮೂರು ಬೆರಳು ದಪ್ಪದ ಬಿಗಿಯಾದ ನೊರೆ. ತಾವು ಕುಡಿದಿರಿ, ಕಣ್ಣು ಮುಚ್ಚಿದಿರಿ. ಆಮೇಲೆ ಹೇಳಿದಿರಿ:

"ನೋಡಿದ್ಯಾ ದಾನ್ಕಾ? ಪಾಪ, ಅದಕ್ಕೆ ರೆಸ್ಟ್ ಬೇಕಿತ್ತು ಅಷ್ಟೇ. ನಂಗೊತ್ತಿತ್ತು."

ಉದ್ದವಾದ ಪೈಪು ತಮ್ಮ ಮೂಗಿನ ಮುಂದೆಯೇ ಸುರುಳಿಯಾಗಿ ಮಲಗಿತ್ತು.

೮. ಹೀಗೆ ಗುಟ್ಟಾಗಿ ಸರಿಮಾಡುವ ಕೆಲಸ ಅರ್ಜಿದಾರಳಿಗೆ ಹೊಸದಲ್ಲ. ತಾವು ರೈಲ್ವೆ ಪಿಂಚಣಿದಾರರ ಸಂಘಕ್ಕೆ ಬರೆಯುವ ಪತ್ರಗಳ ಕಾಗುಣಿತ, ತಾವು ಜೋಡಿಸಿದ ಕಪಾಟಿನ ಬಾಗಿಲ ತಿರುಪು, ತಾವು ಉಪ್ಪು ಹಾಕಿದ ಸೌತೆಕಾಯಿಯ ನೀರು, ಇವೆಲ್ಲ ತಾವು ಬೆನ್ನು ತಿರುಗಿಸಿದಾಗ ಸರಿಹೋದಂಥವು. ಅದರಲ್ಲಿ ಒಂದು ಸುಖವೂ ಇತ್ತು ಎಂದು ಅರ್ಜಿದಾರಳು ನಾಚದೆ ಬರೆಯುತ್ತಾಳೆ. ತನಗೆ ಗೊತ್ತಿದೆ, ಅವನಿಗೆ ಗೊತ್ತಿಲ್ಲ ಎಂಬ ಸಣ್ಣ ಸುಖ. ಅಡುಗೆಮನೆಯಲ್ಲಿ ಒಬ್ಬಳೇ ನಿಂತು ಆ ಸುಖವನ್ನು ಚಪ್ಪರಿಸಿದ್ದುಂಟು. ಆದರೆ ಬುಧವಾರ, ತಾವು ಕಣ್ಣು ಮುಚ್ಚಿ "ನಂಗೊತ್ತಿತ್ತು" ಎಂದಾಗ, ಆ ಸುಖ ಬರಲೇ ಇಲ್ಲ. ಅರ್ಜಿದಾರಳು ಅದಕ್ಕಾಗಿ ಸ್ವಲ್ಪ ಹೊತ್ತು ಕಾದಳು ಕೂಡ. ಬದಲಿಗೆ, ತಾವು ತನ್ನನ್ನು ಅರಿಯದೆ ಹೋದದ್ದರಲ್ಲಿ ತನ್ನ ಕೈವಾಡವೂ ಬೇಕಾದಷ್ಟಿದೆ ಎಂಬ ಅನುಮಾನ ಬಂತು. ಎಲ್ಲವೂ ತಾನಾಗಿಯೇ ಸರಿಹೋಗುವ ಮನೆಯಲ್ಲಿ ಯಾರು ಯಾರನ್ನು ಏನೆಂದು ಕೇಳಬೇಕು?

೯. ಸದ್ಯದ ತುರ್ತು. ತಾವು ಪ್ರೊಕೋಪ್ ಅವರಿಗೆ ಫೋನು ಮಾಡಿ, "ಈ ಸಲ ಹಾಲಲ್ಲ, ನಿಜವಾದ್ದು ಕುಡಿಸ್ತೀನಿ ಬನ್ನಿ," ಎಂದು ಭಾನುವಾರಕ್ಕೆ ಕರೆದಿದ್ದೀರಿ. ಇಂದು ಬೆಳಿಗ್ಗೆ ತಿಂಡಿಗೆ ಕೂತಾಗ, "ಪ್ರೊಕೋಪ್‌ಗೆ ಸ್ವಲ್ಪ ಚುರುಕಾಗಿರ್ಲಿ, ಎರಡಕ್ಕೆ ಏರಿಸಿಬಿಡ್ತೀನಿ," ಎಂದಿದ್ದೀರಿ. ಅರ್ಜಿದಾರಳು "ಬೇಡ ವೆಂದಾ, ಅದು ಹದವಾಗಿದೆ," ಎಂದದ್ದಕ್ಕೆ ಉಲ್ಲೇಖ (ಅ)ರ ಆದೇಶ ಹೊರಬಿದ್ದಿದೆ. ತಾವು ಸಂಜೆಯೊಳಗೆ ತಿರುಪು ತಿರುವಿದರೆ ಭಾನುವಾರ ಮತ್ತೆ ನೊರೆ. ಪ್ರೊಕೋಪ್ ಅವರು ಎರಡನೆಯ ಬಾರಿ ಹಾಲೆಂದು ನಂಬಿದ ಹಾಗೆ ನಟಿಸಲಾರರು, ಅವರಿಗೂ ವಯಸ್ಸಾಯಿತು. ತಮ್ಮ ಕಿವಿ ಮತ್ತೊಮ್ಮೆ ಹಾಗೆ ಕೆಂಪಾಗುವುದನ್ನು ನೋಡಲು ಅರ್ಜಿದಾರಳಿಗೂ ಇಷ್ಟವಿಲ್ಲ.

ಮತ್ತು, ಇದನ್ನು ಸ್ಪಷ್ಟವಾಗಿ ದಾಖಲಿಸತಕ್ಕದ್ದು: ಈ ಬಾರಿ ಅವಳು ಮಧ್ಯೆ ಬರುವುದಿಲ್ಲ. ಗುಟ್ಟಾಗಿ ಇಳಿದು ಹೋಗಿ ಸರಿಮಾಡುವುದೂ ಇಲ್ಲ.

ಆದ್ದರಿಂದ, ಮೇಲೆ ವಿವರಿಸಿದ ಕಾರಣಗಳಿಂದಾಗಿ, ಅರ್ಜಿದಾರಳು ಕೋರುವುದೇನೆಂದರೆ:

ಒಂದು, ಸದರಿ ತಿರುಪನ್ನು ಕೂಡಲೇ ಅವಳ ವಶಕ್ಕೆ ಕೊಟ್ಟು ಉಲ್ಲೇಖ (ಆ)ರ ಸೂಚನೆಯ ಕೆಳಗೆ "ಬೊ. ಹ್ರು. ಹೊರತು" ಎಂಬ ತಿದ್ದುಪಡಿ ಬರೆಯುವುದು. ಮೊಹರಿನ ಅಗತ್ಯವಿಲ್ಲ, ಪೆನ್ಸಿಲ್ ಸಾಕು.

ಎರಡು, ಭಾನುವಾರ ಪ್ರೊಕೋಪ್ ಅವರು ಲೋಟ ಕೆಳಗಿಟ್ಟು ಗ್ಯಾಸ್ ನೋಡಿಕೊಳ್ಳುವವರು ಯಾರೆಂದು ಮತ್ತೆ ಕೇಳಿದಲ್ಲಿ, ನಿಜ ಹೇಳುವುದು. ಬಿಯರ್ ಮಾಡಿದವರು ತಾವೇ ಎಂಬುದನ್ನು ಅರ್ಜಿದಾರಳು ಅದೇ ಉಸಿರಿನಲ್ಲಿ, ಬೇಕಾದರೆ ಎರಡು ಸಲ, ಹೇಳಲು ಬದ್ಧಳಾಗಿದ್ದಾಳೆ.

ಮೂರನೆಯ ಕೋರಿಕೆಯೊಂದಿದೆ. ಅದನ್ನು ಕಚೇರಿಯ ಭಾಷೆಯಲ್ಲಿ ಹೇಗೆ ಬರೆಯಬೇಕೆಂದು ತಿಳಿಯದ ಕಾರಣ ತೀರಾ ಕೊನೆಗೆ, ವಿ.ಸೂ.ನಲ್ಲಿ ಇಡಲಾಗಿದೆ.

ಮೂವತ್ತಮೂರು ವರ್ಷಗಳಿಂದ ಒಂದೇ ಸೂರಿನಡಿ ತಮ್ಮವಳಾಗಿರುವ,
ಬೊಹ್ದಾನಾ

ದಿನಾಂಕ: ಶುಕ್ರವಾರ, ಮಧ್ಯಾಹ್ನದ ಊಟಕ್ಕೆ ಮುಂಚೆ
ಸ್ಥಳ: ಅಡುಗೆಮನೆಯ ಮೇಜು, ಬರೆದು ಮುಗಿದ ಮೇಲೆ ನೆಲಮಾಳಿಗೆ

ಅಡಕಗಳು:
(ಅ) ಬಿಯರ್ ಎಷ್ಟು ತಣ್ಣಗಿದ್ದರೆ ಮುಳ್ಳು ಎಲ್ಲಿರಬೇಕೆಂಬ ಪಟ್ಟಿ, ಅರ್ಜಿದಾರಳ ಕೈಬರಹದಲ್ಲಿ. ನೆನಪಿನಿಂದ ಬರೆದದ್ದು.
(ಆ) ಒಂದು ಮೀಟರಿನ ಗಿಡ್ಡ ಪೈಪು. ತೊಳೆದು ಒಣಗಿಸಿದೆ.
(ಇ) ಸ್ನಾನದ ಮನೆಯ ಚಿಲಕ. ಅರ್ಜಿದಾರಳೇ ಬಿಚ್ಚಿದ್ದಾಳೆ, ಹೊಸದನ್ನು ಹಾಕಿಯೂ ಆಯಿತು. ಉಲ್ಲೇಖ (ಇ)ರ ಕಡತವನ್ನು ಮುಕ್ತಾಯಗೊಳಿಸಬಹುದು.

ವಿ.ಸೂ.: ಅರ್ಜಿದಾರಳು ಈಗ ಕೆಳಗೆ ಫ್ರಿಜ್ಜಿನ ಎದುರು ಸ್ಟೂಲಿನ ಮೇಲೆ ಕುಳಿತಿದ್ದಾಳೆ. ಪಕ್ಕದಲ್ಲಿ ಇನ್ನೊಂದು ಸ್ಟೂಲು ಹಾಕಿದೆ. ಈ ಅರ್ಜಿಯನ್ನು ಓದಿದ ಕೂಡಲೇ ಇಳಿದು ಬಂದು ಕೂರುವುದು, ಮತ್ತು ತಮ್ಮ ಮೊದಲನೆಯ ಪ್ರಶ್ನೆ ಬಿಯರಿನ ಬಗ್ಗೆ ಇರಬಾರದೆಂದು ಕೋರಲಾಗಿದೆ.